ಕನಸಿಗೂ ಲೆಕ್ಕ ಇಟ್ಟ ರೊಕೆಯಾ

ನಮ್ಮ ಬ್ಯಾರಿ ಮನೆಗಳಲ್ಲಿ ರುಖಿಯಾ ಎಂಬ ಹೆಸರು ಹೊಸತಲ್ಲ. ಬಂಗಾಳಿಗರ ಬಾಯಲ್ಲಿ ಅದೇ ಹೆಸರು ರೊಕೆಯಾ ಆಗುತ್ತದೆ. ಆ ಹೆಸರಿನ ಹೆಣ್ಣುಮಗಳೊಬ್ಬರು 1905ರಲ್ಲಿ ಒಂದು ಕಥೆ ಪ್ರಕಟಿಸಿದರು. ಬಿಸಿಲಿನ ಶಾಖದಲ್ಲೇ ಬೇಯುವ ಅಡುಗೆ, ಆಕಾಶದಿಂದ ಕೊಳವೆಯಲ್ಲಿ ಇಳಿಸಿಕೊಳ್ಳುವ ನೀರು, ಹೆಂಗಸರು ಕೂತು ಹೋಗುವ ಹಾರುವ ಗಾಡಿ, ಎಲ್ಲವೂ ಆ ಕಥೆಯಲ್ಲಿತ್ತು. ಬರೆದವರು ಒಂದು ದಿನವೂ ವಿದ್ಯಾರ್ಥಿಯಾಗಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆಗ ಅವರಿಗೆ ವಯಸ್ಸು ಇಪ್ಪತ್ತೈದರ ಆಸುಪಾಸು.

ರೊಕೆಯಾ ಸಖಾವತ್ ಹುಸೇನ್ ವಫಾತಾದದ್ದು 1932ರ ಡಿಸೆಂಬರ್ 9ರಂದು. ಬಾಂಗ್ಲಾದೇಶದಲ್ಲಿ ಆ ದಿನವನ್ನು ರೊಕೆಯಾ ದಿನವಾಗಿ ಆಚರಿಸುತ್ತಾರೆ. ಅವರ ಹುಟ್ಟೂರು ಇರುವ ರಂಗಪುರ ಜಿಲ್ಲೆಯ ವಿಶ್ವವಿದ್ಯಾನಿಲಯಕ್ಕೂ ಅವರದೇ ಹೆಸರು. ಹೆಣ್ಣುಮಕ್ಕಳ ಓದಿಗಾಗಿ ದುಡಿದವರು ಅಂತ ಅವರನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಅವರು ಕಥೆಗಾರ್ತಿಯಾಗಿ ಹೇಗೆ ಕೆಲಸ ಮಾಡಿದರು ಎಂಬ ಮಾತು ಬರುವುದು ಕಡಿಮೆ. ಈ ವಾರ ಅದನ್ನೇ ಸ್ವಲ್ಪ ನೋಡೋಣ.

ಯಾಕೆಂದರೆ ನಮ್ಮಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ಇಲ್ಲದ ಲೋಕದ ಕಥೆ ಬರೆಯುವವರು, ಓದುವವರು ಕೆಲಸವಿಲ್ಲದವರು, ಇರುವ ಲೋಕದ ಕಷ್ಟದಿಂದ ತಪ್ಪಿಸಿಕೊಳ್ಳುವವರು ಅಂತ. ಮಗಳು ಕಥೆ ಪುಸ್ತಕ ಹಿಡಿದು ಕೂತರೆ ಗದರುವ ಮನೆಗಳು ಇವತ್ತಿಗೂ ಇವೆ. ರೊಕೆಯಾರ ಬದುಕು ಓದಿದರೆ ಈ ನಂಬಿಕೆ ತಲೆಕೆಳಗಾಗುತ್ತದೆ. ಅವರ ಕಲ್ಪನೆಯಲ್ಲಿ ಕಂಡದ್ದೆಲ್ಲ ಅಡುಗೆಮನೆಯ ಹೊಗೆಯಿಂದ, ಬಾವಿಯ ನೀರಿನಿಂದ, ಹಾಳಾಗುವ ಗಂಟೆಗಳ ಲೆಕ್ಕದಿಂದ ಹುಟ್ಟಿದ್ದು. ಆ ಲೆಕ್ಕವನ್ನು ಕಥೆಯಲ್ಲಿ ಬರೆದಿಟ್ಟು ಅವರು ಸುಮ್ಮನಾಗಲಿಲ್ಲ. ಉಳಿದ ಜೀವಮಾನವನ್ನೆಲ್ಲ ಅದನ್ನು ಸರಿಮಾಡಲಿಕ್ಕೇ ಸವೆಸಿದರು.

ಮೇಣದ ಬತ್ತಿಯ ಪಾಠ

1880ರಲ್ಲಿ ಇಂದಿನ ಬಾಂಗ್ಲಾದೇಶದ ರಂಗಪುರ ಜಿಲ್ಲೆಯ ಪಾಯ್ರಾಬಂದ್ ಎಂಬ ಹಳ್ಳಿಯಲ್ಲಿ ರೊಕೆಯಾ ಹುಟ್ಟಿದರು. ತಂದೆ ಜಹೀರುದ್ದೀನ್ ಅಬೂ ಅಲಿ ಹೈದರ್ ಸಾಬೇರ್ ದೊಡ್ಡ ಜಮೀನ್ದಾರರು, ಹಲವು ಭಾಷೆ ಬಲ್ಲವರು. ಗಂಡುಮಕ್ಕಳನ್ನು ಕಲಕತ್ತೆಯ ಸೇಂಟ್ ಕ್ಸೇವಿಯರ್ಸ್‌ಗೆ ಕಳುಹಿಸಿ ಇಂಗ್ಲಿಷ್ ಓದಿಸಿದರು. ಹೆಣ್ಣುಮಕ್ಕಳಿಗೆ ಮಾತ್ರ ಕುರ್‌ಆನ್ ಓದಲು ಬಂದರೆ ಸಾಕು, ಹೆಚ್ಚೆಂದರೆ ಒಂದಿಷ್ಟು ಉರ್ದು. ಸುತ್ತಲಿನ ಊರೆಲ್ಲ ಬಂಗಾಳಿ ಮಾತಾಡುತ್ತಿತ್ತು. ಆದರೂ ದೊಡ್ಡ ಮನೆಯ ಹೆಣ್ಣುಮಕ್ಕಳು ಬಂಗಾಳಿ ಅಕ್ಷರ ಕಲಿಯುವಂತಿರಲಿಲ್ಲ.

ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮಗೆ ಮನೆಯ ಭಾಷೆ ಬೇರೆ, ಬರೆಯುವ ಭಾಷೆ ಬೇರೆ ಎಂಬುದು ಅರ್ಥವಾಗುತ್ತದೆ. ಆದರೆ ಊರಿನ ಭಾಷೆಯ ಅಕ್ಷರವನ್ನೇ ಕದ್ದು ಕಲಿಯಬೇಕಾದ ಪರಿಸ್ಥಿತಿ ಊಹಿಸಿಕೊಳ್ಳುವುದು ಕಷ್ಟ. ರೊಕೆಯಾರ ಅಕ್ಕ ಕರೀಮುನ್ನಿಸಾ ಬಂಗಾಳಿಯ ಆಸೆಗೆ ನೆಲದ ಮೇಲೆ ಗೀಚಿ ಗೀಚಿ ಅಕ್ಷರ ಕಲಿತರು. ಅದು ಗೊತ್ತಾದ ಮೇಲೆ ಅವರ ಓದು ನಿಂತಿತು, ಹದಿನೈದು ತುಂಬುವ ಮೊದಲೇ ಮದುವೆಯೂ ಆಯಿತು. ಆದರೂ ಆ ಅಕ್ಕ ತಂಗಿಗೆ ಬಂಗಾಳಿ ಕಲಿಸಿದರು. ದೊಡ್ಡಣ್ಣ ಇಬ್ರಾಹಿಂ ಸಾಬೇರ್ ಇಂಗ್ಲಿಷ್ ಕಲಿಸಿದರು. ಮನೆಯವರೆಲ್ಲ ಮಲಗಿದ ಮೇಲೆ ಮೇಣದ ಬತ್ತಿಯ ಬೆಳಕಿನಲ್ಲಿ ಅಣ್ಣ ತಂಗಿ ಪುಸ್ತಕ ಬಿಡಿಸುತ್ತಿದ್ದರು.

ರೊಕೆಯಾ ಈ ಋಣ ಮರೆಯಲಿಲ್ಲ. ಮುಂದೆ 'ಮೋತಿಚೂರ್' ಪುಸ್ತಕದ ಎರಡನೆಯ ಭಾಗವನ್ನು ಅಕ್ಕನಿಗೆ, 'ಪದ್ಮರಾಗ್' ಕಾದಂಬರಿಯನ್ನು ಅಣ್ಣನಿಗೆ ಅರ್ಪಿಸಿದರು.

ಆ ಮನೆಯ ಪರ್ದಾ ಎಂಥದು ಅಂದರೆ, ಐದನೆಯ ವಯಸ್ಸಿಗೇ ಹೊರಗಿನ ಹೆಂಗಸರ ಕಣ್ಣಿಗೂ ಬೀಳಬಾರದು. ನೆಂಟರ ಹೆಂಗಸರು ಬಂದರೆ ಮಗು ಓಡಿಹೋಗಿ ಅಟ್ಟದಲ್ಲೋ ಬಾಗಿಲ ಹಿಂದೆಯೋ ಅಡಗಬೇಕು. ಹಾಗೆ ಅಡಗಿ ಕೂತ ಗಂಟೆಗಳನ್ನು ರೊಕೆಯಾ ಮುಪ್ಪಿನ ತನಕ ಮರೆಯಲಿಲ್ಲ. ಅವರ ಕಥೆಗಳಲ್ಲಿ ಬಾಗಿಲು, ಗೋಡೆ, ಹೊರಗಿನ ಗಾಳಿ ಇವುಗಳಿಗೆ ಅಷ್ಟು ಬೆಲೆ ಯಾಕೆ ಎಂದು ಕೇಳಿದರೆ ಉತ್ತರ ಇಲ್ಲಿದೆ.

ಒಂದು ಮಧ್ಯಾಹ್ನದ ಕೆಲಸ

1898ರ ಸುಮಾರಿಗೆ ಮದುವೆ. ಗಂಡ ಸೈಯದ್ ಸಖಾವತ್ ಹುಸೇನ್ ಬಿಹಾರದ ಭಾಗಲ್ಪುರದವರು, ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಮೊದಲ ಹೆಂಡತಿ ತೀರಿಕೊಂಡಿದ್ದರು, ಒಬ್ಬ ಮಗಳಿದ್ದಳು. ವಯಸ್ಸಿನಲ್ಲೂ ರೊಕೆಯಾಗಿಂತ ಬಹಳ ದೊಡ್ಡವರು. ಇಂಥ ಮದುವೆಯ ಕಥೆ ಸಾಮಾನ್ಯವಾಗಿ ಎಲ್ಲಿಗೆ ಹೋಗುತ್ತದೆ ಅಂತ ನಮಗೆಲ್ಲ ಗೊತ್ತು. ಇಲ್ಲಿ ಹಾಗಾಗಲಿಲ್ಲ. ಸಖಾವತ್ ಸಾಹೇಬರು ಹೆಂಡತಿಗೆ ಇಂಗ್ಲಿಷ್ ಪುಸ್ತಕ ತಂದುಕೊಟ್ಟರು, ಬರೆಯಲಿಕ್ಕೆ ಹೇಳಿದರು. ಹುಡುಗಿಯರ ಶಾಲೆಗೆಂದೇ ತಮ್ಮ ಉಳಿತಾಯದಲ್ಲಿ 10,000 ರೂಪಾಯಿ ಎತ್ತಿಟ್ಟರು.

ಅವರು ಬಾಂಕಾ ಎಂಬಲ್ಲಿ ಕೆಲಸದಲ್ಲಿದ್ದಾಗ ಒಮ್ಮೆ ಎರಡು ದಿನ ತಪಾಸಣೆಗೆ ಹೋಗಿದ್ದರು. ಮನೆಯಲ್ಲಿ ರೊಕೆಯಾ ಒಬ್ಬರೇ. ಹೊತ್ತು ಕಳೆಯಲಿಕ್ಕೆ ಇಂಗ್ಲಿಷಿನಲ್ಲಿ ಏನೋ ಬರೆದರು. ಗಂಡ ಬಂದವರು ಅದನ್ನು ನಿಂತಲ್ಲೇ ಓದಿ ಮುಗಿಸಿದರಂತೆ. ಇದು ಗಂಡಸರ ಮೇಲೆ ತೀರಿಸಿಕೊಂಡ ಭಾರೀ ಸೇಡು ಅಂತ ಅವರಿಗೆ ಕೂಡಲೇ ಗೊತ್ತಾಯಿತು. ಆದರೂ ಸಿಟ್ಟಾಗಲಿಲ್ಲ. ಭಾಷೆ ಸರಿಯಿದೆಯಾ ಅಂತ ನೋಡಲಿಕ್ಕೆ ಭಾಗಲ್ಪುರದ ಬ್ರಿಟಿಷ್ ಕಮಿಷನರರಿಗೆ ಕಳುಹಿಸಿದರು. ಅವರು ಒಂದು ಅಕ್ಷರವನ್ನೂ ತಿದ್ದದೆ, ಮೆಚ್ಚಿ ವಾಪಸ್ ಕಳುಹಿಸಿದರು. ಅದೇ 'ಸುಲ್ತಾನಾಸ್ ಡ್ರೀಮ್', ಸುಲ್ತಾನಾಳ ಕನಸು.

ಕಥೆ ಅಚ್ಚಾದದ್ದು ಬಂಗಾಳದಲ್ಲಲ್ಲ, ಮದ್ರಾಸಿನಲ್ಲಿ. ಕಮಲಾ ಸತ್ಯನಾಥನ್ ಎಂಬ ವಿದ್ಯಾವಂತೆ ಅಲ್ಲಿ 1901ರಿಂದ 'ಇಂಡಿಯನ್ ಲೇಡೀಸ್ ಮ್ಯಾಗಝೀನ್' ನಡೆಸುತ್ತಿದ್ದರು. ನಾವು ಇದನ್ನು ಬರೆಯುತ್ತಿರುವ ಬೆಳಗಾವಿಯ ಶಹಾಪುರ ಆಗ ಸಾಂಗ್ಲಿ ಸಂಸ್ಥಾನದ ಪೇಟೆ. ರೈಲು ಹಳಿಯ ಆಚೆಗಿನ ಬೆಳಗಾವಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು. ನಮ್ಮ ಮಂಗಳೂರು, ಉಡುಪಿ, ಕಾಸರಗೋಡು ಮಾತ್ರ ಮದ್ರಾಸು ಪ್ರಾಂತ್ಯದಲ್ಲಿದ್ದವು. ಅಂದರೆ ರೊಕೆಯಾರ ಕಥೆಗೆ ಜಾಗ ಕೊಟ್ಟದ್ದು ನಮ್ಮ ಕರಾವಳಿಯ ಅಂದಿನ ರಾಜಧಾನಿ. 1908ರಲ್ಲಿ ಅದು ಕಲಕತ್ತೆಯಲ್ಲಿ ಪುಸ್ತಕವಾಗಿ ಬಂತು.

ಆ ಪುಸ್ತಕದಲ್ಲಿ ಬೇಗಂ ಎಂಬ ಮಾತಿಲ್ಲ. ಅವರು ತಮ್ಮನ್ನು ಮಿಸೆಸ್ ಆರ್. ಎಸ್. ಹುಸೇನ್ ಎಂದೇ ಬರೆದುಕೊಳ್ಳುತ್ತಿದ್ದರು. ಬೇಗಂ ಎಂಬ ಗೌರವ ಆಮೇಲಿನ ಜನ ಸೇರಿಸಿದ್ದು.

ಒಂದೇ ಒಂದು ತಿರುವು

ಕಥೆ ಸರಳ. ಸುಲ್ತಾನಾ ಎಂಬ ಹೆಂಗಸು ಕುರ್ಚಿಯಲ್ಲಿ ಒರಗಿ ಹಿಂದೂಸ್ತಾನದ ಹೆಂಗಸರ ಪಾಡು ಯೋಚಿಸುತ್ತಿದ್ದಾಳೆ. ಸಾರಾ ಎಂಬ ಗೆಳತಿ ಬಂದು ಹೊರಗೆ ಕರೆದುಕೊಂಡು ಹೋಗುತ್ತಾಳೆ. ಹೋದ ಊರಿನಲ್ಲಿ ಬೀದಿ ತುಂಬ ಹೆಂಗಸರೇ. ಗಂಡಸರು ಎಲ್ಲಿ ಅಂದರೆ ಮನೆಯ ಒಳಗೆ. ಜನಾನಾ ಇದ್ದ ಹಾಗೆ ಅಲ್ಲಿ ಮರ್ದಾನಾ. ಮಗು ನೋಡಿಕೊಳ್ಳುವುದು, ಅಡುಗೆ ಮಾಡುವುದು ಅವರ ಕೆಲಸ.

ಇಡೀ ಕಥೆಯಲ್ಲಿ ರೊಕೆಯಾ ತಿರುಗಿಸಿದ್ದು ಇದೊಂದನ್ನೇ. ಇಂಥ ಕಥೆಯ ಕಸುಬು ಇರುವುದೇ ಇಲ್ಲಿ. ಹತ್ತು ವಿಚಿತ್ರಗಳನ್ನು ಒಟ್ಟಿಗೆ ತಂದು ಗುಡ್ಡೆ ಹಾಕಿದರೆ ಓದುವವನಿಗೆ ಯಾವುದೂ ತಾಗುವುದಿಲ್ಲ. ಒಂದೇ ಒಂದನ್ನು ತಿರುಗಿಸಿ, ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡು ಹೇಗೆ ಬದಲಾಗುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ನೋಡಬೇಕು. ಗಂಡಸರು ಮನೆಯೊಳಗೆ ಹೋದರೆ ಊರಿನಲ್ಲಿ ಕಳ್ಳತನ, ಹೊಡೆದಾಟ ಏನಾಗುತ್ತದೆ? ಪೊಲೀಸರು ಬೇಕಾ? ಕಚೇರಿ ಕೆಲಸ ಯಾರು ಮಾಡುತ್ತಾರೆ? ಯುದ್ಧ ಬಂದರೆ? ಓದುಗರು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಸುಲ್ತಾನಾಳ ಬಾಯಲ್ಲೇ ಕೇಳಿಸಿ, ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋಗುತ್ತಾರೆ.

ಉತ್ತರಗಳೂ ಗಾಳಿಯ ಮಾತಲ್ಲ, ಲೆಕ್ಕ. ಆ ದೇಶದ ಹೆಂಗಸರು ಕಚೇರಿ ಕೆಲಸವನ್ನು ಎರಡೇ ಗಂಟೆಯಲ್ಲಿ ಮುಗಿಸುತ್ತಾರೆ. ಗಂಡಸರಿಗೆ ಏಳು ಗಂಟೆ ಯಾಕೆ ಬೇಕಿತ್ತು? ಒಂದು ಚುಟ್ಟಾ ಸೇದಲಿಕ್ಕೆ ಅರ್ಧ ಗಂಟೆ, ದಿನಕ್ಕೆ ಹನ್ನೆರಡು ಚುಟ್ಟಾ, ಅಲ್ಲಿಗೇ ಆರು ಗಂಟೆ ಹೊಗೆಯಾಯಿತು! ನಗು ಬರುತ್ತದೆ, ಆದರೆ ಲೆಕ್ಕದಲ್ಲಿ ತಪ್ಪು ಹುಡುಕಲಿಕ್ಕಾಗುವುದಿಲ್ಲ.

ಇನ್ನು ಯಂತ್ರಗಳು. ಆ ದೇಶದ ರಾಣಿ ಹೆಣ್ಣುಮಕ್ಕಳೆಲ್ಲ ಓದಬೇಕು, 21 ತುಂಬುವ ಮೊದಲು ಮದುವೆ ಇಲ್ಲ ಎಂದು ಹುಕುಂ ಮಾಡಿದ್ದಾಳೆ. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಬಂದು ಹುಡುಗಿಯರ ಮದುವೆಗೆ 14 ವರ್ಷ ಎಂದು ಗೊತ್ತಾದದ್ದೇ 1929ರಲ್ಲಿ ಎಂಬುದು ನೆನಪಿರಲಿ. ಹೀಗೆ ಓದಿದ ಹೆಂಗಸರ ಒಂದು ವಿಶ್ವವಿದ್ಯಾನಿಲಯ ದೊಡ್ಡ ಬಲೂನಿಗೆ ಕೊಳವೆ ಕಟ್ಟಿ ಆಕಾಶದ ನೀರನ್ನು ಇಳಿಸುತ್ತದೆ. ಇನ್ನೊಂದು ವಿಶ್ವವಿದ್ಯಾನಿಲಯ ಸೂರ್ಯನ ಶಾಖವನ್ನು ಹಿಡಿದು ಕೂಡಿಡುತ್ತದೆ. ಅಡುಗೆಮನೆಯಲ್ಲಿ ಕಲ್ಲಿದ್ದಲೂ ಇಲ್ಲ, ಹೊಗೆಯೂ ಇಲ್ಲ. ಶತ್ರು ಸೈನ್ಯ ಬಂದಾಗ ಎರಡು ಸಾವಿರ ವಿದ್ಯಾರ್ಥಿನಿಯರು ಅದೇ ಶಾಖದ ಕಿರಣವನ್ನು ಅವರ ಕಡೆ ತಿರುಗಿಸಿ ಓಡಿಸುತ್ತಾರೆ.

ಯುರೋಪಿನ ಗಂಡಸರು ಆ ಕಾಲದಲ್ಲಿ ಬರೆದ ಇಂಥ ಕಥೆಗಳಲ್ಲಿ ಯಂತ್ರಗಳು ಚಂದ್ರಲೋಕಕ್ಕೆ, ಸಮುದ್ರದ ತಳಕ್ಕೆ, ಭವಿಷ್ಯದ ಕಾಲಕ್ಕೆ ಹೋಗುತ್ತಿದ್ದವು. ಜೂಲ್ ವರ್ನ್, ಎಚ್. ಜಿ. ವೆಲ್ಸ್ ಅವರ ಹೆಸರು ನಾವೆಲ್ಲ ಕೇಳಿದ್ದೇವೆ. ಕಲಕತ್ತೆಯಲ್ಲಿ ವಿಜ್ಞಾನಿ ಜಗದೀಶಚಂದ್ರ ಬೋಸರೂ 1896ರಲ್ಲೇ ಬಂಗಾಳಿಯಲ್ಲಿ ಒಂದು ವಿಜ್ಞಾನ ಕಥೆ ಬರೆದಿದ್ದರು. ರೊಕೆಯಾರ ಯಂತ್ರ ಮೊದಲು ಹೋದದ್ದು ಅಡುಗೆಮನೆಗೆ. ಒಲೆ ಊದಿ ಕಣ್ಣು ಕೆಂಪಾದವರು, ಕೊಡ ಹೊತ್ತು ಸೊಂಟ ಹಿಡಿದವರು ಬರೆದರೆ ವಿಜ್ಞಾನ ಕಥೆ ಹೀಗಿರುತ್ತದೆ ಅಂತ ತೋರಿಸಿಕೊಟ್ಟರು. ಹೆಂಗಸರಷ್ಟೇ ಇರುವ ದೇಶದ ಬಗ್ಗೆ ಅಮೆರಿಕದ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಬರೆದ 'ಹರ್‌ಲ್ಯಾಂಡ್' ಬಂದದ್ದು 1915ರಲ್ಲಿ, ರೊಕೆಯಾರ ಕಥೆಗೆ ಹತ್ತು ವರ್ಷ ಆದ ಮೇಲೆ. ಕನ್ನಡದಲ್ಲಿ ವಿಜ್ಞಾನ ಕಥೆ ಎಂದರೆ ನಮಗೆ ಥಟ್ಟನೆ ರಾಜಶೇಖರ ಭೂಸನೂರಮಠರ ಹೆಸರು ನೆನಪಾಗುತ್ತದೆ. ಅವರು ಹುಟ್ಟುವ ಮೊದಲೇ ಬಂಗಾಳದ ಈ ಹೆಣ್ಣುಮಗಳು ಬರೆದು ಮುಗಿಸಿ ತೀರಿಯೂ ಹೋಗಿದ್ದರು.

ಇವತ್ತು ಬೆಳಗಾವಿಯ ಎಷ್ಟೋ ಮನೆಗಳ ಮಾಳಿಗೆಯ ಮೇಲೆ ಬಿಸಿಲಲ್ಲೇ ನೀರು ಕಾಯುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರ ಇದೆ. ಕಥೆ ಬರೆಯುವಾಗ ರೊಕೆಯಾ ಮೋಟಾರು ಗಾಡಿಯನ್ನೂ ನೋಡಿರಲಿಲ್ಲ, ವಿದ್ಯುತ್ ಪಂಖವನ್ನೂ ನೋಡಿರಲಿಲ್ಲ. ಬಿಸಿಲನ್ನು, ಹೊಗೆಯನ್ನು ಮಾತ್ರ ಚೆನ್ನಾಗಿ ನೋಡಿದ್ದರು.

ಕತ್ತರಿ ಬಿದ್ದ ಪ್ಯಾರಾಗಳು

ಕಥೆಯಲ್ಲಿ ನಗುತ್ತಾ ಹೇಳಿದ್ದನ್ನು ರೊಕೆಯಾ ಪ್ರಬಂಧಗಳಲ್ಲಿ ನೇರ ಹೇಳಿದರು. ಅದಕ್ಕೆ ಬೆಲೆಯನ್ನೂ ಕೊಡಬೇಕಾಯಿತು. 1904ರಲ್ಲಿ 'ನಬನೂರ್' ಪತ್ರಿಕೆಯಲ್ಲಿ ಹೆಂಗಸರ ಅವನತಿಯ ಬಗ್ಗೆ ಒಂದು ಲೇಖನ ಬರೆದರು. ಮೈಮೇಲಿನ ಒಡವೆಯೂ ಗುಲಾಮಗಿರಿಯ ಗುರುತೇ ಎಂಬ ಮಾತು ಅದರಲ್ಲಿತ್ತು. ಗದ್ದಲ ಎದ್ದಿತು. ಆ ಲೇಖನ 'ಮೋತಿಚೂರ್' ಪುಸ್ತಕಕ್ಕೆ ಸೇರುವಾಗ ಐದು ಪ್ಯಾರಾಗಳು ಮಾಯವಾಗಿದ್ದವು, ಶೀರ್ಷಿಕೆಯೂ ಬದಲಾಗಿತ್ತು.

ಇದನ್ನು ಸೋಲು ಅನ್ನಬಹುದಾ? ನಮಗೆ ಹಾಗೆ ಕಾಣುವುದಿಲ್ಲ. ಐದು ಪ್ಯಾರಾ ಬಿಟ್ಟು ಉಳಿದ ಪುಸ್ತಕವನ್ನು ಓದುಗರ ಕೈಗೆ ದಾಟಿಸಿದರು. ನೇರ ಹೇಳಿದರೆ ಕತ್ತರಿ ಬೀಳುವ ಮಾತನ್ನು ಕನಸಿನ ಕಥೆಯೊಳಗೆ ಇಟ್ಟರೆ ಯಾರೂ ಕತ್ತರಿ ಹಾಕುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. 'ಜ್ಞಾನಫಲ', 'ಮುಕ್ತಿಫಲ' ಎಂಬ ಅವರ ರೂಪಕ ಕಥೆಗಳು ಇದೇ ಜಾತಿಯವು. ತಿಳಿವಳಿಕೆಯ ಹಣ್ಣನ್ನು ಹೆಂಗಸರಿಂದ ಮುಚ್ಚಿಟ್ಟ ದೇಶ ಹೇಗೆ ಬಡವಾಗುತ್ತದೆ ಅಂತ ಅಜ್ಜಿಕಥೆಯ ಹಾಗೆ ಹೇಳಿದರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ರೊಕೆಯಾ ಧರ್ಮದ ವಿರೋಧಿಯಾಗಿದ್ದರು ಎಂದು ಆಗಲೂ ಹೇಳಿದವರಿದ್ದರು, ಈಗಲೂ ಇದ್ದಾರೆ. ಅವರೇ ಬುರ್ಖಾದ ಬಗ್ಗೆ ಒಂದು ಪ್ರಬಂಧ ಬರೆದು, ಮರ್ಯಾದೆಯ ಉಡುಪು ಬೇರೆ, ಮನುಷ್ಯರನ್ನು ಗೋಡೆಯೊಳಗೆ ಕೂಡಿಹಾಕುವುದು ಬೇರೆ ಎಂದು ಬಿಡಿಸಿ ಹೇಳಿದ್ದಾರೆ. ಅವರ ಜಗಳ ಎರಡನೆಯದರ ಜೊತೆ. ಹೆಣ್ಣಿಗೆ ಓದಿನ ಹಕ್ಕು, ಆಸ್ತಿಯ ಹಕ್ಕು ದೀನ್ ಕೊಟ್ಟದ್ದು, ಕಿತ್ತುಕೊಂಡದ್ದು ಮನುಷ್ಯರು ಎಂಬುದು ಅವರ ವಾದ.

ಹಾರುವ ಗಾಡಿಯಿಂದ ಪರದೆಯ ಬಸ್ಸಿಗೆ

1909ರ ಮೇ ತಿಂಗಳಲ್ಲಿ ಸಖಾವತ್ ಸಾಹೇಬರು ತೀರಿಕೊಂಡರು. ಸಕ್ಕರೆ ಕಾಯಿಲೆಯಿಂದ ಕೊನೆಗೆ ಕಣ್ಣೂ ಹೋಗಿತ್ತು. ಹುಟ್ಟಿದ್ದ ಎರಡು ಹೆಣ್ಣುಕೂಸುಗಳು ಮೊದಲೇ ಮಣ್ಣಾಗಿದ್ದವು. ಮೂವತ್ತು ದಾಟದ ವಿಧವೆ ಐದು ತಿಂಗಳೊಳಗೆ, ಅಕ್ಟೋಬರ್ 1ರಂದು, ಭಾಗಲ್ಪುರದಲ್ಲಿ ಗಂಡನ ಹೆಸರಿನ ಶಾಲೆ ತೆರೆದರು. ಮಕ್ಕಳು ಐದೇ ಐದು. ಆಸ್ತಿಯ ಮನಸ್ತಾಪದಿಂದ ಆ ಊರು ಬಿಡಬೇಕಾಯಿತು. 1911ರ ಮಾರ್ಚ್ 16ರಂದು ಕಲಕತ್ತೆಯ ವಲೀಉಲ್ಲಾ ಗಲ್ಲಿಯ ಒಂದು ಬಾಡಿಗೆ ಮನೆಯಲ್ಲಿ ಮತ್ತೆ ಶುರು. ಈ ಸಲ ಎಂಟು ಮಕ್ಕಳು.

ಕಥೆಯಲ್ಲಿ ರಾಣಿಯ ಒಂದು ಹುಕುಮಿಗೆ ದೇಶದ ಹೆಣ್ಣುಮಕ್ಕಳೆಲ್ಲ ಶಾಲೆಗೆ ಬಂದಿದ್ದರು. ಕಲಕತ್ತೆಯಲ್ಲಿ ರೊಕೆಯಾ ಬುರ್ಖಾ ಹಾಕಿ ಮನೆ ಮನೆ ಬಾಗಿಲು ತಟ್ಟಬೇಕಾಯಿತು. ಶಾಲೆ ಹೇಗೆ ನಡೆಸಬೇಕು ಎಂದು ಸ್ವತಃ ಗೊತ್ತಿಲ್ಲ, ಹೋದವರೇ ಅಲ್ಲವಲ್ಲ. ಬೇರೆಯವರ ಹೆಣ್ಣುಮಕ್ಕಳ ಶಾಲೆಗಳಿಗೆ ಹೋಗಿ ಕೂತು, ತರಗತಿ ಹೇಗೆ ನಡೆಯುತ್ತದೆ ಅಂತ ನೋಡಿ ಬಂದರು. ದುಡ್ಡಿಟ್ಟಿದ್ದ ಬರ್ಮಾ ಬ್ಯಾಂಕ್ ಮುಳುಗಿ ಶಾಲೆಯ ಗಂಟು ಹೋಯಿತು. ಚಂದಾ ಕೇಳಿದರು, ಸರಕಾರದ ಅನುದಾನಕ್ಕೆ ಅರ್ಜಿ ಹಾಕಿದರು, ಶಾಲೆ ನಿಲ್ಲಿಸಲಿಲ್ಲ.

ಮಕ್ಕಳನ್ನು ಕರೆತರುವುದೇ ದೊಡ್ಡ ಕಷ್ಟ. ನಡೆದು ಬರುವಂತಿಲ್ಲ. ಒಂದು ಬಸ್ ಮಾಡಿಸಿದರು. ಪರ್ದಾಕ್ಕೆಂದು ಅದನ್ನು ಎಲ್ಲಾ ಕಡೆಯಿಂದ ಮುಚ್ಚಿದ್ದರು. ಗಾಳಿಗೆ ಹಿಂದೆ ಮುಂದೆ ಸಣ್ಣ ಜಾಲರಿ ಅಷ್ಟೇ. ಮೊದಲ ದಿನವೇ ಒಳಗಿನ ಕತ್ತಲೆಗೆ ಮಕ್ಕಳು ಹೆದರಿ ಅತ್ತರು, ಕೆಲವರು ವಾಂತಿ ಮಾಡಿದರು, ಕೆಲವರಿಗೆ ತಲೆ ಸುತ್ತಿತು. ಗುರುತಿನ ಇಂಗ್ಲಿಷ್ ಹೆಂಗಸೊಬ್ಬರು ಅದನ್ನು ಚಲಿಸುವ ಕತ್ತಲೆಕೋಣೆಗೆ ಹೋಲಿಸಿದರು. ಸರಿ ಎಂದು ಕಿಟಕಿ ಬಿಡಿಸಿ ಬಟ್ಟೆಯ ಪರದೆ ಹಾಕಿಸಿದರೆ, ಗಾಳಿಗೆ ಪರದೆ ಹಾರುತ್ತದೆ, ಪರ್ದಾ ಕೆಡುತ್ತದೆ ಅಂತ ಹೆಸರಿಲ್ಲದ ಬೆದರಿಕೆ ಪತ್ರಗಳು ಬಂದವು!

ಆಕಾಶದಲ್ಲಿ ಹೆಂಗಸರನ್ನು ಹಾರಿಸಿದ ಕಥೆಗಾರ್ತಿಗೆ ನೆಲದ ಮೇಲೆ ಎಂಟು ಮಕ್ಕಳನ್ನು ಉಸಿರುಕಟ್ಟದ ಹಾಗೆ ಶಾಲೆಗೆ ತಲುಪಿಸುವುದೇ ಇಷ್ಟು ದೊಡ್ಡ ಯುದ್ಧವಾಯಿತು. ಅವರು ಪರದೆಗೆ ಒಪ್ಪಿದರು. ಪರದೆ ಇಲ್ಲ ಎಂದರೆ ಮಕ್ಕಳೇ ಇಲ್ಲ. ಇದು ರಾಜಿ ಹೌದು. ಆದರೆ ಆ ರಾಜಿಯಿಂದ ಒಳಗೆ ಬಂದ ಹುಡುಗಿಯರು ಕುರ್‌ಆನನ್ನು ಅರ್ಥ ಸಹಿತ ಓದಿದರು, ಇಂಗ್ಲಿಷ್, ಲೆಕ್ಕ, ಹೊಲಿಗೆ, ರೋಗಿಗಳ ಆರೈಕೆ, ವ್ಯಾಯಾಮ ಎಲ್ಲ ಕಲಿತರು. 1930ರ ಆಸುಪಾಸಿನಲ್ಲಿ ಅದು ಹೈಸ್ಕೂಲಾಯಿತು. ಈಗಲೂ ಕೋಲ್ಕತ್ತಾದಲ್ಲಿ ಆ ಶಾಲೆ ಸರಕಾರಿ ಶಾಲೆಯಾಗಿ ನಡೆಯುತ್ತಿದೆ.

ಬರಹಗಾರ್ತಿಗೆ ಮಾತ್ರ ಇದರಿಂದ ನಷ್ಟವಾಯಿತು. 1908ರ ನಂತರ ಅವರ ಮುಂದಿನ ಪುಸ್ತಕ ಬಂದದ್ದು 1922ರಲ್ಲಿ. ಹದಿನಾಲ್ಕು ವರ್ಷ! ಪತ್ರಿಕೆಗಳಿಗೆ ಬರೆಯುತ್ತಿದ್ದರು, ಆದರೆ ದಿನವೆಲ್ಲ ಶಾಲೆಯ ಲೆಕ್ಕಪತ್ರ, ಪೋಷಕರ ತಕರಾರು, ಬಸ್ಸಿನ ರಿಪೇರಿ. 1916ರಲ್ಲಿ ಕಟ್ಟಿದ ಅಂಜುಮನ್-ಎ-ಖವಾತೀನ್-ಎ-ಇಸ್ಲಾಂ ಸಂಘದ ಕೆಲಸ ಬೇರೆ. ಕೊಳೆಗೇರಿಯ ಹೆಂಗಸರಿಗೆ ಅಕ್ಷರ, ಹೊಲಿಗೆ ಕಲಿಸುವುದು, ವಿಧವೆಯರಿಗೆ ನೆರವು. ಇಂಥವರಿಗೆ ಬರೆಯಲಿಕ್ಕೆ ಸಿಗುವುದು ರಾತ್ರಿಯೇ, ಮೇಣದ ಬತ್ತಿಯ ಕಾಲದ ಹಾಗೆ. 1924ರ 'ಪದ್ಮರಾಗ್' ಕಾದಂಬರಿಯನ್ನು ಅವರು ಬರೆದದ್ದು ಅದಕ್ಕೂ ಸುಮಾರು 22 ವರ್ಷ ಮೊದಲು. ಗಂಡನ ಮನೆಯಿಂದ ಹೊರಬಿದ್ದ ಬೇರೆ ಬೇರೆ ಜಾತಿ ಧರ್ಮದ ಹೆಂಗಸರು ಕೂಡಿ ಶಾಲೆ, ಆಸ್ಪತ್ರೆ, ಕೈಗೆಲಸದ ಕಾರ್ಖಾನೆ ನಡೆಸುವ ಒಂದು ಮನೆಯ ಕಥೆ ಅದು. ಆ ಮನೆಯ ಕನಸು ಮೊದಲು ಕಾಗದದ ಮೇಲೆ ಬಂತು, ಆಮೇಲೆ ಅವರು ಅದನ್ನೇ ಕಲಕತ್ತೆಯಲ್ಲಿ ಕಟ್ಟಲಿಕ್ಕೆ ಹೊರಟರು.

ಮಗ್ಗದ ಊರಿನಿಂದ ನೋಡಿದರೆ

ರೊಕೆಯಾರ ಇನ್ನೊಂದು ಬರಹ ಶಹಾಪುರದಲ್ಲಿ ಕೂತವರಿಗೆ ಬೇಗ ತಾಗುತ್ತದೆ. ರೈತರ ಸಂಕಟದ ಬಗ್ಗೆ ಅವರು ಒಂದು ಪ್ರಬಂಧ ಬರೆದಿದ್ದಾರೆ. ರಂಗಪುರದ ಕಡೆ ಬಡ ಹೆಂಗಸರು ಮನೆಯಲ್ಲೇ ಹರಳೆಲೆ ತಿನ್ನಿಸಿ ಏರಿ ರೇಷ್ಮೆಯ ಹುಳ ಸಾಕುತ್ತಿದ್ದರು. ನೂಲು ತೆಗೆದು ನೇಯ್ದ ಬಟ್ಟೆ ವರ್ಷಗಟ್ಟಲೆ ಬಾಳುತ್ತಿತ್ತು. ಅಗ್ಗದ ಬಣ್ಣದ ವಿಲಾಯತಿ ಬಟ್ಟೆ ಬಂದ ಮೇಲೆ ಹುಳವೂ ಹೋಯಿತು, ನೂಲೂ ಹೋಯಿತು, ಹೆಂಗಸರ ಕೈಯಲ್ಲಿ ಆಡುತ್ತಿದ್ದ ನಾಲ್ಕು ಕಾಸೂ ಹೋಯಿತು. ಹಳ್ಳಿ ಹಳ್ಳಿಗೆ ಶಾಲೆ, ಮನೆ ಮನೆಗೆ ನೂಲು ಬರಬೇಕು ಎಂದರು.

ಶಹಾಪುರ, ವಡಗಾವಿ, ಖಾಸಬಾಗದ ಗಲ್ಲಿಗಳಲ್ಲಿ ನಡೆದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಶಹಾಪುರದ ಸೀರೆ ಎಂದು ಹೆಸರು ಪಡೆದ ಊರು ಇದು. ಮಗ್ಗದ ಮುಂದೆ ಕೂತವನಿಗೆ ನೇಕಾರ ಅನ್ನುತ್ತಾರೆ. ಮನೆಯೊಳಗೆ ಕೂತು ಕಂಡಕಿ ಸುತ್ತಿಕೊಡುವ ಹೆಂಗಸಿಗೆ ಏನು ಹೆಸರು? ಅವಳ ಗಂಟೆಗಳನ್ನು ಯಾರು ಲೆಕ್ಕ ಇಡುತ್ತಾರೆ? ಕರಾವಳಿಯಲ್ಲಿ ಬೀಡಿ ಕಟ್ಟುವ ನಮ್ಮ ಹೆಂಗಸರ ಗಂಟೆಗಳ ಮಾತೂ ಇದೇ. ಸುಲ್ತಾನಾಳ ಕನಸು ಮೂಲದಲ್ಲಿ ಈ ಗಂಟೆಗಳ ಕಥೆ. ನೀರಿಗೆ, ಒಲೆಗೆ, ಸವೆಯುವ ಹೊತ್ತನ್ನು ಉಳಿಸಿದರೆ ಹೆಂಗಸರು ಏನೇನು ಮಾಡಬಲ್ಲರು ಅಂತ ಕೂಡಿಸಿ ಕಳೆದು ತೋರಿಸಿದ್ದು.

ಕೊನೆಯ ಹಾಳೆ

1931ರಲ್ಲಿ 'ಅಬರೋಧ್‌ಬಾಸಿನಿ' ಪುಸ್ತಕವಾಗಿ ಬಂತು. ಕೂಡಿಹಾಕಿದ ಹೆಂಗಸರ 47 ಸಣ್ಣ ಘಟನೆಗಳು. ಇಲ್ಲಿ ಕಲ್ಪನೆ ಇಲ್ಲ, ಕಂಡದ್ದು ಕೇಳಿದ್ದು ಮಾತ್ರ. ಒಂದು ಘಟನೆಯಲ್ಲಿ ಕಿಯುಲ್ ಜಂಕ್ಷನ್ನಿನಲ್ಲಿ ರೈಲು ಬದಲಾಯಿಸುವಾಗ ಅವರ ಗಂಡನ ಕಡೆಯ ಹೆಂಗಸೊಬ್ಬರು ಬುರ್ಖಾ ತೊಡರಿ ಹಳಿಗೆ ಬೀಳುತ್ತಾರೆ. ಎತ್ತಲಿಕ್ಕೆ ಬಂದ ಗಂಡಸರನ್ನು ಜೊತೆಗಿದ್ದ ಕೆಲಸದಾಕೆ ಮುಟ್ಟಬೇಡಿ ಎಂದು ತಡೆಯುತ್ತಾಳೆ. ರೈಲು ಹೊರಟುಬಿಡುತ್ತದೆ. ರೊಕೆಯಾ ಇದನ್ನು ಕಣ್ಣೀರು ಸುರಿಸಿ ಬರೆದಿಲ್ಲ, ಚಿಕ್ಕದಾಗಿ, ಸುಮ್ಮನೆ ವರದಿಯ ಹಾಗೆ ಬರೆದಿದ್ದಾರೆ. ಓದಿದ ಮೇಲೆ ಸುಲ್ತಾನಾಳ ಕನಸು ಯಾಕೆ ಬೇಕಾಗಿತ್ತು ಎಂದು ಯಾರೂ ಕೇಳುವುದಿಲ್ಲ.

ಅದಕ್ಕೆ ಸ್ವಲ್ಪ ಮೊದಲು, 1930ರಲ್ಲಿ, ಅವರು ವಿಮಾನ ಹತ್ತಿದರು. ಮೊರಾದ್ ಎಂಬ ಬಂಗಾಳಿ ಮುಸ್ಲಿಂ ತರುಣ ನಡೆಸಿದ ಸಣ್ಣ ವಿಮಾನ. ಕಲಕತ್ತೆಯ ಮೇಲೆ ಐವತ್ತು ಮೈಲಿ ಸುತ್ತಿ ಬಂದು ಅದರ ಬಗ್ಗೆ ಒಂದು ಲೇಖನವನ್ನೂ ಬರೆದರು. ಇಪ್ಪತ್ತೈದು ವರ್ಷ ಹಿಂದಿನ ತಮ್ಮ ಕಥೆಯನ್ನು ಅಲ್ಲಿ ನೆನೆದಿದ್ದಾರೆ. ಕಥೆಯ ಕೊನೆಯಲ್ಲಿ ಸುಲ್ತಾನಾ ಹಾರುವ ಗಾಡಿಯಿಂದ ಜಾರಿ ಬಿದ್ದು ಎಚ್ಚರವಾಗಿ, ಮತ್ತೆ ಅದೇ ಕುರ್ಚಿಯಲ್ಲಿರುತ್ತಾಳೆ. ಈ ಸಲ ರೊಕೆಯಾ ಬೀಳಲಿಲ್ಲ. ಇಳಿದು ಶಾಲೆಗೆ ಹೋದರು, ಕೆಲಸ ಇತ್ತು.

1932ರ ಡಿಸೆಂಬರ್ 8ರ ರಾತ್ರಿಯೂ ಕೆಲಸವೇ. ಬೆಳಗಿನ ಜಾವ ಪ್ರಾಣ ಹೋಯಿತು, 52 ವರ್ಷಕ್ಕೆ. ಮೇಜಿನ ಮೇಲೆ ಹೆಂಗಸರ ಹಕ್ಕುಗಳ ಬಗ್ಗೆ ಬರೆಯುತ್ತಿದ್ದ ಲೇಖನ ಅರ್ಧಕ್ಕೆ ನಿಂತಿತ್ತು. ಕಲಕತ್ತೆಯ ಹತ್ತಿರದ ಸೋದಪುರದಲ್ಲಿ ದಫನ ಮಾಡಿದರು. 2024ರಲ್ಲಿ ಯುನೆಸ್ಕೋ ಸಂಸ್ಥೆ 'ಸುಲ್ತಾನಾಸ್ ಡ್ರೀಮ್' ಕೃತಿಯನ್ನು ಏಷ್ಯಾ ಪೆಸಿಫಿಕ್ ವಲಯದ ಜಗತ್ತಿನ ನೆನಪುಗಳ ಪಟ್ಟಿಗೆ ಸೇರಿಸಿತು.

ನಮ್ಮ ಕಡೆ ಮುಸ್ಲಿಂ ಹೆಣ್ಣಿನ ಬದುಕನ್ನು ಕನ್ನಡದಲ್ಲಿ ಬರೆಯುವ ದಾರಿ ತೆರೆದವರು ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್. ಅವರ 'ಚಂದ್ರಗಿರಿಯ ತೀರದಲ್ಲಿ' ಇರುವ ಲೋಕವನ್ನು ಇದ್ದ ಹಾಗೆ ತೋರಿಸಿತು. ಇರಬೇಕಾದ ಲೋಕವನ್ನು ಲೆಕ್ಕ ಸಮೇತ ಬರೆಯುವ ಹುಡುಗಿಗೆ ನಮ್ಮ ಮನೆಗಳಲ್ಲಿ ಇನ್ನೂ ಜಾಗ ಇದೆ. ಸುಲ್ತಾನಾಳ ಕನಸು ಸಣ್ಣ ಕಥೆ, ಒಂದು ಗಂಟೆಯೂ ಬೇಡ. ಮಗಳ ಜೊತೆ ಕೂತು ಓದಿ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಈ ಮನೆಯಲ್ಲಿ ಯಾವ ಒಂದನ್ನು ತಿರುಗಿಸಿದರೆ ಉಮ್ಮನಿಗೆ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ? ಅವಳು ಹೇಳುವ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದಿಡಲಿಕ್ಕೂ ಹೇಳಿ.